ಪರೀಕ್ಷೆಯಲ್ಲಿ ಪಾಸಾದ ರಸ್ತೆ ಬಿರುಕು ಬಿಡುವುದೇಕೆ?

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ರಸ್ತೆಗುಂಡಿಗಳು ದೇಶದ ಸುದ್ದಿಯಾದವು. ಹೊರ ವರ್ತುಲ ರಸ್ತೆಯಲ್ಲಿ ಓಡಾಡುವುದೇ ಕಷ್ಟವಾಗಿದೆ, ಕಚೇರಿಯನ್ನು ಬೇರೆ ಕಡೆ ಸಾಗಿಸುತ್ತೇವೆ ಎಂದು ಒಂದು ಕಂಪನಿಯ ಮುಖ್ಯಸ್ಥರು ಬರೆದರು. ಸರ್ಕಾರ ಗುಂಡಿ ಮುಚ್ಚಲು ಗಡುವು ಕೊಟ್ಟಿತು. ಗುಂಡಿ ಮುಚ್ಚಿದ ಜಾಗದ ಪಕ್ಕದಲ್ಲೇ ಮತ್ತೆ ಗುಂಡಿ ಬಿತ್ತು.

ಇಂಥ ಗದ್ದಲ ಎದ್ದಾಗಲೆಲ್ಲ ಎರಡು ಮಾತು ಒಟ್ಟಿಗೆ ಕೇಳಿಬರುತ್ತವೆ. ಲ್ಯಾಬ್ ವರದಿ ಸರಿಯಾಗಿದೆ, ಎಲ್ಲ ಪರೀಕ್ಷೆಯೂ ಪಾಸಾಗಿದೆ ಎನ್ನುವುದು ಒಂದು. ಹಾಗಾದರೆ ಎರಡೇ ಮಳೆಗಾಲಕ್ಕೆ ರಸ್ತೆ ಯಾಕೆ ಒಡೆಯಿತು ಎನ್ನುವುದು ಇನ್ನೊಂದು. ಓದುಗರಿಗೆ ಸಹಜವಾಗಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನಿಸುತ್ತದೆ. ಕಳಪೆ ಕಾಮಗಾರಿ, ಸುಳ್ಳು ವರದಿ ಇರುವುದು ನಿಜ. ಆದರೆ ಅವೆರಡೂ ಇಲ್ಲದೆಯೂ ಹೀಗಾಗಬಹುದು. ವರದಿ ನಿಜವಿದ್ದು, ರಸ್ತೆಯೂ ಒಡೆಯಬಹುದು. ಏಕೆಂದರೆ ನಾವು ದಿನನಿತ್ಯ ಮಾಡುವ ಪರೀಕ್ಷೆಗಳು ಬಿರುಕಿನ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಗುಂಡಿಗೆ ಮೊದಲು ಬಿರುಕು

ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ಅದು ತುಂಡಾಗುತ್ತದೆ. ಒಂದೇ ಸಲ ಬಗ್ಗಿಸಿದರೆ ಏನೂ ಆಗುವುದಿಲ್ಲ. ಡಾಂಬರು ರಸ್ತೆಗೂ ಇದೇ ಗತಿ. ಎಂಜಿನಿಯರುಗಳು ಇದನ್ನು ಫಟೀಗ್ ಎನ್ನುತ್ತಾರೆ. ನಾವು ದಣಿವು ಎನ್ನೋಣ.

ಒಳ್ಳೆಯ ಹೆದ್ದಾರಿಯ ಮೇಲ್ಪದರದಲ್ಲಿ ಬಿಟುಮಿನಸ್ ಕಾಂಕ್ರೀಟ್, ಅಂದರೆ ಸಿಮೆಂಟ್ ಬದಲು ಡಾಂಬರು ಬೆರೆಸಿದ ಜಲ್ಲಿ ಇರುತ್ತದೆ. ಅದರ ಕೆಳಗೆ ಡಿಬಿಎಂ ಎಂಬ ದಪ್ಪ ಡಾಂಬರು ಪದರ. ಅದರ ಕೆಳಗೆ ವೆಟ್ ಮಿಕ್ಸ್ ಜಲ್ಲಿ, ಆಮೇಲೆ ಮಣ್ಣು. ಲಾರಿಯ ಚಕ್ರ ಮೇಲೆ ಬಂದಾಗ ಡಾಂಬರು ಪದರ ಕೂದಲೆಳೆಯಷ್ಟು ಕೆಳಗೆ ಬಾಗುತ್ತದೆ. ಬಾಗಿದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳ ಹಿಗ್ಗುತ್ತದೆ. ಈ ಹಿಗ್ಗು ಎಷ್ಟು ಚಿಕ್ಕದು ಎಂದರೆ, 200 ಮೈಕ್ರೋಸ್ಟ್ರೇನ್ ಎಂದು ಲೆಕ್ಕದಲ್ಲಿ ಬಂದರೆ, ಒಂದು ಮೀಟರ್ ಉದ್ದ 0.2 ಮಿಲಿಮೀಟರ್ ಹಿಗ್ಗಿತು ಅಂತ ಅರ್ಥ. ಚಕ್ರ ದಾಟಿದ ಮೇಲೆ ಪದರ ಮತ್ತೆ ಮೊದಲಿನಂತಾಗುತ್ತದೆ. ಪೂರ್ತಿ ಮೊದಲಿನಂತೆ ಅಲ್ಲ. ಕಣ್ಣಿಗೆ ಕಾಣದ ಒಂದಿಷ್ಟು ಹಾನಿ ಉಳಿಯುತ್ತದೆ.

ಇದು ಲಕ್ಷಗಟ್ಟಲೆ ಸಲ ನಡೆದಾಗ ತಳದಲ್ಲಿ ಬಿರುಕು ಹುಟ್ಟುತ್ತದೆ. ರಸ್ತೆಯ ಮೇಲೆ ನಿಂತು ನೋಡುವವರಿಗೆ ಅದು ಕಾಣುವುದಿಲ್ಲ. ನಿಧಾನಕ್ಕೆ ಮೇಲೇರಿ, ಚಕ್ರಗಳು ಓಡುವ ಜಾಡಿನಲ್ಲೇ ಉದ್ದುದ್ದ ಗೆರೆಯಾಗಿ ಹೊರಬೀಳುತ್ತದೆ. ಗೆರೆಗಳು ಒಂದಕ್ಕೊಂದು ಸೇರಿ ಮೊಸಳೆ ಚರ್ಮದ ಹಾಗೆ ಹರಡುತ್ತವೆ. ಆಮೇಲೆ ಮಳೆ. ನೀರು ಒಳಗಿಳಿದು ಜಲ್ಲಿಯ ಪದರವನ್ನು ಸಡಿಲ ಮಾಡುತ್ತದೆ, ಚಕ್ರದ ಒತ್ತಡಕ್ಕೆ ಅಲ್ಲಿನ ಸಣ್ಣ ಪುಡಿ ನೀರಿನ ಜೊತೆ ಮೇಲೆ ಚಿಮ್ಮುತ್ತದೆ, ಆಧಾರ ಕಳೆದುಕೊಂಡ ಡಾಂಬರಿನ ಚೂರುಗಳು ಎದ್ದು ಹೋಗುತ್ತವೆ. ನಮಗೆ ಕಾಣುವ ಗುಂಡಿ ಈ ಕಥೆಯ ಕೊನೆಯ ಹಂತ. ಹಾಗಾಗಿಯೇ ಮೊಸಳೆ ಚರ್ಮದ ನಡುವೆ ಗುಂಡಿಯನ್ನಷ್ಟೇ ಮುಚ್ಚಿದರೆ ಪಕ್ಕದ ಚೂರು ಏಳುತ್ತದೆ.

ಎಲ್ಲ ಬಿರುಕೂ ಕೆಳಗಿನಿಂದಲೇ ಬರುವುದಿಲ್ಲ. ಬಿಸಿಲಿಗೆ ವರ್ಷಗಟ್ಟಲೆ ಒಣಗಿ ಗಡಸಾದ ಮೇಲ್ಮೈಯಲ್ಲಿ, ಟೈರಿನ ಅಂಚಿನ ಒತ್ತಡಕ್ಕೆ ಮೇಲಿನಿಂದ ಕೆಳಗೆ ಇಳಿಯುವ ಬಿರುಕೂ ಇದೆ. ದಪ್ಪ ಡಾಂಬರು ಇರುವ ರಸ್ತೆಗಳಲ್ಲಿ ಅದು ಜಾಸ್ತಿ.

ಯಾರ ಚಕ್ರದಿಂದ ಎಷ್ಟು ಹಾನಿ

ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ಒಂದು ದೊಡ್ಡ ರಸ್ತೆ ಪರೀಕ್ಷೆ ನಡೆಯಿತು. ಅದರಿಂದ ಹೊರಬಂದ ಲೆಕ್ಕವನ್ನು ಇಂದಿಗೂ ಬಹುತೇಕ ದೇಶಗಳು ಬಳಸುತ್ತವೆ. ಆಕ್ಸಲ್, ಅಂದರೆ ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು. ಅದರ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಎರಡು ಪಟ್ಟಾಗುವುದಿಲ್ಲ, ಸುಮಾರು 16 ಪಟ್ಟಾಗುತ್ತದೆ. ಅಂದರೆ ಹಾನಿ ಭಾರದ ನಾಲ್ಕನೇ ಘಾತದಲ್ಲಿ ಏರುತ್ತದೆ.

ಭಾರತದ ವಿನ್ಯಾಸದಲ್ಲಿ ಮಾನಕ ಆಕ್ಸಲ್ 80 ಕಿಲೋನ್ಯೂಟನ್, ಅಂದರೆ 8.16 ಟನ್ ಹತ್ತಿರ. ಕಾರಿನ ಆಕ್ಸಲ್ ಮೇಲೆ 750 ಕಿಲೋ ಇದೆ ಎಂದುಕೊಳ್ಳಿ. ಈ ಲೆಕ್ಕದಲ್ಲಿ ಒಂದು ಮಾನಕ ಆಕ್ಸಲ್ ಮಾಡುವ ಹಾನಿಗೆ ಸುಮಾರು 14 ಸಾವಿರ ಕಾರಿನ ಆಕ್ಸಲ್ ಬೇಕು. ಕಾರು, ಬೈಕು ಜಾಸ್ತಿಯಾದದ್ದೇ ರಸ್ತೆ ಹಾಳಾಗಲು ಕಾರಣ ಎನ್ನುವ ಮಾತಿನಲ್ಲಿ ಹುರುಳಿಲ್ಲ. ಟ್ರಾಫಿಕ್ ಜಾಮ್‌ಗೆ ಅವು ಕಾರಣ, ಬಿರುಕಿಗಲ್ಲ.

2018ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಸರಕು ವಾಹನಗಳ ಆಕ್ಸಲ್ ಮಿತಿ ಏರಿಸಿತು. ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಭಾರದಲ್ಲಿ ಇದು ಶೇ 13ರಷ್ಟು ಏರಿಕೆ. ನಾಲ್ಕನೇ ಘಾತದ ಲೆಕ್ಕ ಹಾಕಿದರೆ ಆ ಆಕ್ಸಲ್‌ನ ಹಾನಿ ಶೇ 60ಕ್ಕೂ ಮೀರಿ ಏರುತ್ತದೆ. ಸರಕು ಸಾಗಣೆ ಅಗ್ಗವಾಗಲಿ, ಹೇಗೂ ಲಾರಿಗಳು ಮಿತಿ ಮೀರಿಯೇ ಹೊರುತ್ತಿವೆ ಎನ್ನುವ ವಾದಕ್ಕೆ ಅರ್ಥವಿತ್ತು. ಆದರೆ ಹಳೆಯ ಮಿತಿಯನ್ನು ನಂಬಿ ಕಟ್ಟಿದ ರಸ್ತೆಗಳು ಹಾಗೇ ಇವೆ. ಅವುಗಳ ಆಯುಷ್ಯವನ್ನು ಯಾರೂ ಮತ್ತೆ ಲೆಕ್ಕ ಹಾಕಿ ಜನರ ಮುಂದೆ ಇಟ್ಟದ್ದು ಕಾಣೆ.

ಮಾರ್ಷಲ್ ಪರೀಕ್ಷೆ ಕೇಳುವ ಪ್ರಶ್ನೆ

ನಮ್ಮಲ್ಲಿ ಡಾಂಬರು ಮಿಶ್ರಣಕ್ಕೆ ಒಪ್ಪಿಗೆ ಕೊಡುವಾಗ ಮುಖ್ಯವಾಗಿ ಮಾಡುವುದು ಮಾರ್ಷಲ್ ಪರೀಕ್ಷೆ. ಅಮೆರಿಕದ ಮಿಸಿಸಿಪ್ಪಿ ಹೆದ್ದಾರಿ ಇಲಾಖೆಯ ಬ್ರೂಸ್ ಮಾರ್ಷಲ್ ಇದನ್ನು ರೂಪಿಸಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನ ನಿಲ್ದಾಣಗಳಿಗಾಗಿ ಅಮೆರಿಕದ ಸೇನೆಯ ಎಂಜಿನಿಯರುಗಳು ಇದನ್ನು ಬೆಳೆಸಿದರು. ಸುಮಾರು 10 ಸೆಂಟಿಮೀಟರ್ ಅಗಲದ ಡಾಂಬರು ಬಿಲ್ಲೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಇಟ್ಟು ತೆಗೆದು, ಒಂದೇ ಸಲ ಒತ್ತಿ ಒಡೆಯುತ್ತಾರೆ. ಎಷ್ಟು ಭಾರ ತಡೆಯಿತು, ಎಷ್ಟು ನಜ್ಜಾಯಿತು ಎಂದು ನೋಡುತ್ತಾರೆ. ವಿಜಿ-30 ಎಂಬ ದರ್ಜೆಯ ಡಾಂಬರಿನ ಮಿಶ್ರಣ ಕನಿಷ್ಠ 9 ಕಿಲೋನ್ಯೂಟನ್ ತಡೆಯಬೇಕು.

ಈ ಪರೀಕ್ಷೆ ಕೇಳುವ ಪ್ರಶ್ನೆ ಇಷ್ಟು: ಸುಡು ಬೇಸಿಗೆಯಲ್ಲಿ ಭಾರದ ಚಕ್ರ ಬಂದರೆ ಈ ಡಾಂಬರು ಹಿಟ್ಟಿನ ಹಾಗೆ ತಗ್ಗುತ್ತದಾ? ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಆದರೆ ಸಾಮಾನ್ಯ ಬಿಸಿಯಲ್ಲಿ ಹತ್ತು ಲಕ್ಷ ಸಲ ಬಾಗಿದರೆ ಏನಾಗುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ.

ಇನ್ನೂ ಮುಖ್ಯವಾದ ವಿಷಯವಿದೆ. ಈ ಎರಡು ಪ್ರಶ್ನೆಗಳ ಉತ್ತರ ಎಷ್ಟೋ ಸಲ ಎದುರುಬದುರಾಗಿರುತ್ತವೆ. ಗಡಸು ಡಾಂಬರು ಹಾಕಿ, ಡಾಂಬರಿನ ಪ್ರಮಾಣ ತುಸು ಕಡಿಮೆ ಮಾಡಿದರೆ ಮಾರ್ಷಲ್ ಅಂಕಿ ಚೆನ್ನಾಗಿ ಬರಬಹುದು, ಖರ್ಚೂ ಉಳಿಯುತ್ತದೆ. ಆದರೆ ಅಂಥ ಮಿಶ್ರಣಕ್ಕೆ ಬಾಗುವ ಶಕ್ತಿ ಕಡಿಮೆ. ಅಂದರೆ ವರದಿಯಲ್ಲಿ 'ಗಟ್ಟಿ' ಎಂದು ಕಾಣುವ ರಸ್ತೆಯೇ ಮೊದಲು ಬಿರುಕು ಬಿಡಬಹುದು. ಅಮೆರಿಕದಲ್ಲಿ 1990ರ ದಶಕದಲ್ಲಿ ಸೂಪರ್‌ಪೇವ್ ಎಂಬ ಹೊಸ ಪದ್ಧತಿ ಬಂದಾಗಲೂ ಹೀಗೇ ಆಯಿತು. ಚಕ್ರದ ಜಾಡಿನಲ್ಲಿ ರಸ್ತೆ ತಗ್ಗಿ ಬೀಳುವ ಹಳ್ಳಗಳು ಕಡಿಮೆಯಾದವು. ಡಾಂಬರು ಕಡಿಮೆಯಾದ ಮಿಶ್ರಣಗಳಲ್ಲಿ ಬಿರುಕು ದೊಡ್ಡ ದೂರಾಯಿತು.

ದಣಿವನ್ನು ಅಳೆಯುವ ಬಗೆ

ದಣಿವಿಗೆ ಹೆಸರಾದ ಪರೀಕ್ಷೆ ನಾಲ್ಕು ಬಿಂದುಗಳ ಬಾಗು ಪರೀಕ್ಷೆ. ಡಾಂಬರು ಮಿಶ್ರಣವನ್ನು ಒತ್ತಿ ಚಪ್ಪಡಿ ಮಾಡಿ, ಅದರಿಂದ 380 ಮಿಲಿಮೀಟರ್ ಉದ್ದ, 63 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ತುಂಡು ಕೊಯ್ಯುತ್ತಾರೆ. ತುದಿಗಳನ್ನೂ ನಡುವಿನ ಎರಡು ಜಾಗಗಳನ್ನೂ ಹಿಡಿದು, ಸಾಮಾನ್ಯವಾಗಿ 20 ಡಿಗ್ರಿ ತಾಪಮಾನದಲ್ಲಿ, ಸೆಕೆಂಡಿಗೆ 10 ಸಲ ಬಗ್ಗಿಸುತ್ತಾರೆ. ತುಂಡು ಮುರಿಯುವವರೆಗೆ ಕಾಯಬೇಕಿಲ್ಲ. ಅದರ ಗಡಸುತನ ಶುರುವಿನಲ್ಲಿ ಇದ್ದದ್ದರ ಅರ್ಧಕ್ಕೆ ಇಳಿದರೆ ಸೋತಿತು ಎಂದು ಲೆಕ್ಕ. ಒಂದು ತುಂಡು ಹತ್ತು ಲಕ್ಷ ಸಲ ಬಾಗಲು 28 ತಾಸು ಹತ್ತಿರ ಬೇಕು. ಬೇರೆ ಬೇರೆ ಹಿಗ್ಗಿಗೆ ಹಲವು ತುಂಡುಗಳನ್ನು ಪರೀಕ್ಷಿಸಬೇಕಾಗುವುದರಿಂದ ಒಂದು ಮಿಶ್ರಣದ ಉತ್ತರ ಸಿಗುವಷ್ಟರಲ್ಲಿ ವಾರಗಳೇ ಹಿಡಿಯುತ್ತವೆ.

ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ. ಪರೀಕ್ಷೆಯನ್ನು ಎರಡು ರೀತಿ ನಡೆಸಬಹುದು. ಪ್ರತಿ ಸಲವೂ ಒಂದೇ ಬಲ ಹಾಕುವುದು ಒಂದು ರೀತಿ. ಪ್ರತಿ ಸಲವೂ ಒಂದೇ ಅಳತೆಗೆ ಬಗ್ಗಿಸುವುದು ಇನ್ನೊಂದು. ಒಂದೇ ಬಲ ಹಾಕಿದರೆ ಗಡಸು ಮಿಶ್ರಣ ಕಡಿಮೆ ಬಾಗುತ್ತದೆ, ಜಾಸ್ತಿ ದಿನ ಬಾಳುತ್ತದೆ. ಒಂದೇ ಅಳತೆಗೆ ಬಗ್ಗಿಸಿದರೆ ಗಡಸು ಮಿಶ್ರಣದೊಳಗೆ ಒತ್ತಡ ಏರುತ್ತದೆ, ಅದೇ ಮೊದಲು ಸೋಲುತ್ತದೆ. ಒಂದೇ ಮಿಶ್ರಣ, ಎರಡು ತೀರ್ಪು!

ಯಾವುದು ಸರಿ? ರಸ್ತೆ ನೋಡಿ ಹೇಳಬೇಕು. ಹೆದ್ದಾರಿಯಲ್ಲಿ 15 ಸೆಂಟಿಮೀಟರ್ ದಪ್ಪದ ಡಾಂಬರು ಇದ್ದರೆ ಭಾರ ಹೊರುವುದು ಆ ಡಾಂಬರೇ. ಅಲ್ಲಿ ಗಡಸುತನ ಲಾಭ. ಆದರೆ ನಗರದ ಬೀದಿಯಲ್ಲಿ ನಡೆಯುವುದೇನು? ಈಗಾಗಲೇ ಬಿರುಕು ಬಿಟ್ಟ ಹಳೆಯ ರಸ್ತೆಯ ಮೇಲೆ 3-4 ಸೆಂಟಿಮೀಟರ್ ಹೊಸ ಡಾಂಬರು. ಎಷ್ಟು ಬಾಗಬೇಕು ಎಂದು ತೀರ್ಮಾನಿಸುವುದು ಕೆಳಗಿನ ಹಳೆಯ ರಸ್ತೆ. ಹೊಸ ಪದರ ಸುಮ್ನೆ ಅದು ಬಾಗಿದಷ್ಟು ಬಾಗಬೇಕು. ಅಲ್ಲಿ ಗಡಸು ಮಿಶ್ರಣ ಹಾಕಿದರೆ ಬೇಗ ಒಡೆಯುತ್ತದೆ. ಕೆಳಗಿನ ಹಳೆಯ ಬಿರುಕೂ ಅದರೊಳಗೆ ನೇರ ಮೇಲೇರಿ ಬರುತ್ತದೆ. ಹೆದ್ದಾರಿಗೆ ಒಳ್ಳೆಯದಾದ ಡಾಂಬರು ಬೀದಿಗೂ ಒಳ್ಳೆಯದು ಎಂದು ಕಣ್ಣುಮುಚ್ಚಿ ಹಾಕುವುದು ತಪ್ಪು.

ಯಾವುದಾದರೂ ಕಂಪನಿ 'ನಮ್ಮ ಸೇರ್ಪಡೆ ಹಾಕಿದರೆ ರಸ್ತೆಯ ದಣಿವಿನ ಆಯುಷ್ಯ ಮೂರು ಪಟ್ಟು' ಎಂದು ಹೇಳಿದಾಗ ಇಲಾಖೆ ಕೇಳಬೇಕಾದ ಪ್ರಶ್ನೆಯೂ ಇದೇ. ಯಾವ ರೀತಿಯ ಪರೀಕ್ಷೆ, ಎಷ್ಟು ಹಿಗ್ಗು, ಯಾವ ತಾಪಮಾನ? ಇವು ಮೂರೂ ಇಲ್ಲದ 'ಮೂರು ಪಟ್ಟು' ಎಂಬ ಮಾತಿಗೆ ಬೆಲೆಯಿಲ್ಲ.

ಶೇಕಡಾ ಒಂದು ಗಾಳಿಯ ಬೆಲೆ

ಹಾಗಾದರೆ ಭಾರತದಲ್ಲಿ ದಣಿವಿನ ಲೆಕ್ಕವೇ ಇಲ್ಲವಾ? ಇದೆ. ಡಾಂಬರು ರಸ್ತೆಗಳ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ:37 ಕೈಪಿಡಿ ಇದೆ, 2018ರಲ್ಲಿ ಪರಿಷ್ಕರಣೆಯಾಗಿದೆ. ರಸ್ತೆಯ ಶೇ 20ರಷ್ಟು ಭಾಗ ಬಿರುಕು ಬಿಡುವ ಮೊದಲು ಎಷ್ಟು ಮಾನಕ ಆಕ್ಸಲ್‌ಗಳು ದಾಟಬಹುದು ಎಂದು ಹೇಳುವ ಸೂತ್ರ ಅದರಲ್ಲಿದೆ. ಸೂತ್ರದ ಪ್ರಕಾರ ತಳದ ಹಿಗ್ಗು ಶೇ 20 ಜಾಸ್ತಿಯಾದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಡಾಂಬರು ಪದರ ತೆಳುವಾದರೆ ಅಥವಾ ಕೆಳಗಿನ ಜಲ್ಲಿ ಸಡಿಲವಾಗಿದ್ದರೆ ಹಿಗ್ಗು ಅಷ್ಟು ಏರುವುದು ದೊಡ್ಡ ಮಾತಲ್ಲ.

ಅದೇ ಸೂತ್ರದಲ್ಲಿ ಡಾಂಬರಿನ ಪ್ರಮಾಣ ಮತ್ತು ಪದರದೊಳಗೆ ಉಳಿದ ಗಾಳಿಯ ಜಾಗಕ್ಕೂ ಲೆಕ್ಕವಿದೆ. ಡಾಂಬರು ಶೇ 11.5ರಷ್ಟು ಜಾಗ ತುಂಬಿದೆ ಎಂದುಕೊಳ್ಳಿ. ಗಾಳಿಯ ಜಾಗ ಶೇ 3.5 ಇರಬೇಕಾದಲ್ಲಿ ಶೇ 4.5 ಆದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ದಣಿವಿನ ಆಯುಷ್ಯ ಸುಮಾರು ಶೇ 40ರಷ್ಟು ಕಡಿಮೆಯಾಗುತ್ತದೆ. ಒಂದೇ ಒಂದು ಶೇಕಡಾ ಗಾಳಿ! ರೋಲರ್ ಎರಡು ಸುತ್ತು ಕಡಿಮೆ ಓಡಿದರೆ, ಪ್ಲಾಂಟಿನಿಂದ ಹೊರಟ ಟಿಪ್ಪರ್ ಜಾಮ್‌ನಲ್ಲಿ ಸಿಕ್ಕಿ ಮಿಶ್ರಣ ಆರಿದರೆ ಇದು ಆಗಿಬಿಡುತ್ತದೆ. ವಿಜಿ-30 ಮಿಶ್ರಣ 90 ಡಿಗ್ರಿಗಿಂತ ಕೆಳಗೆ ಆರುವ ಮೊದಲೇ ರೋಲಿಂಗ್ ಮುಗಿಯಬೇಕು. ಮಳೆ ಹನಿಯುವಾಗ ಡಾಂಬರು ಹಾಕುವ ವಿಡಿಯೊಗಳನ್ನು ಕಂಡು ಜನ ಸಿಟ್ಟಾಗುತ್ತಾರೆ ಅಲ್ವಾ, ಆ ಸಿಟ್ಟು ಪೂರ್ತಿ ನ್ಯಾಯದ್ದು.

ತೊಂದರೆ ಎಂದರೆ ಈ ಸೂತ್ರ ಕಾಗದದ ಮೇಲೆ ದಪ್ಪ ನಿರ್ಧರಿಸಲು ಬಳಕೆಯಾಗುತ್ತದೆ. ನಿಜವಾಗಿ ಪ್ಲಾಂಟಿನಿಂದ ಬಂದ ಮಿಶ್ರಣ ಸೂತ್ರ ಊಹಿಸಿದಷ್ಟು ಬಾಗಬಲ್ಲದಾ ಎಂದು ಆಮೇಲೆ ಯಾರೂ ಪರೀಕ್ಷಿಸುವುದಿಲ್ಲ.

ಬೇಡ ಎನ್ನುವವರ ವಾದ

ದಣಿವಿನ ಪರೀಕ್ಷೆಯನ್ನು ಟೆಂಡರಿನ ಷರತ್ತು ಮಾಡಬೇಕೆಂಬ ಬೇಡಿಕೆಗೆ ವಿರೋಧವೂ ಇದೆ. ಅದು ಬರೀ ಗುತ್ತಿಗೆದಾರರ ನೆಪ ಅಲ್ಲ.

ಮೊದಲನೆಯದು, ಲ್ಯಾಬ್‌ನ ಅಂಕಿ ರಸ್ತೆಯ ಅಂಕಿಯಲ್ಲ. ಯಂತ್ರದಲ್ಲಿ ತುಂಡಿಗೆ ಬಿಡುವೇ ಇಲ್ಲ. ರಸ್ತೆಯಲ್ಲಿ ಎರಡು ಲಾರಿಗಳ ನಡುವೆ ಬಿಡುವು ಸಿಗುತ್ತದೆ. ಬಿಸಿಲಿನಲ್ಲಿ ಡಾಂಬರು ಮೆದುವಾಗಿ ಸಣ್ಣ ಬಿರುಕು ತಾನೇ ಕೂಡಿಕೊಳ್ಳುತ್ತದೆ. ಎಲ್ಲ ಚಕ್ರವೂ ಒಂದೇ ಗೆರೆಯ ಮೇಲೆ ಓಡುವುದಿಲ್ಲ. ಹಾಗಾಗಿ ರಸ್ತೆ ಲ್ಯಾಬ್ ಹೇಳಿದ್ದಕ್ಕಿಂತ ಹತ್ತು ಪಟ್ಟು ಅಥವಾ ಇನ್ನೂ ಜಾಸ್ತಿ ಬಾಳಬಹುದು. ಇದಕ್ಕೆ ಎದುರಾಗಿ, ಸೆಕೆಂಡಿಗೆ 10 ಸಲ ಎಂಬ ವೇಗ ಹೆದ್ದಾರಿಯಲ್ಲಿ ಓಡುವ ಲಾರಿಗೆ ಹೊಂದುತ್ತದೆ. ನಗರದಲ್ಲಿ ತೆವಳುವ ಬಸ್ಸಿಗೆ ಹೊಂದುವುದಿಲ್ಲ. ಚಕ್ರ ನಿಧಾನವಾದಷ್ಟೂ ಡಾಂಬರು ಮೆದುವಾಗಿ ವರ್ತಿಸುತ್ತದೆ, ಜಾಸ್ತಿ ಬಾಗುತ್ತದೆ.

ಎರಡನೆಯದು, ಅಂಕಿಗಳ ಏರುಪೇರು. ಒಂದೇ ಮಿಶ್ರಣದ ಎರಡು ತುಂಡುಗಳ ಆಯುಷ್ಯ ಎರಡು ಮೂರು ಪಟ್ಟು ಬೇರೆ ಬರುವುದು ಹೊಸದಲ್ಲ. ಇದನ್ನೇ ನಂಬಿ ಬಿಲ್ ತಡೆದರೆ ಗುತ್ತಿಗೆದಾರ ಕೋರ್ಟಿಗೆ ಹೋಗುತ್ತಾನೆ, ಗೆಲ್ಲಲೂಬಹುದು. ಮೂರನೆಯದು, ಇಂಥ ಯಂತ್ರ ಇರುವುದು ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ, ತಾಲ್ಲೂಕಿನ ಕಾಮಗಾರಿಗೆ ಅವು ಸಿಗುವುದಿಲ್ಲ.

ಇನ್ನೊಂದು ಗುಂಪು ಬೇರೆ ಮಾತು ಹೇಳುತ್ತದೆ: ಸಮಸ್ಯೆ ಮಿಶ್ರಣದ್ದೇ ಅಲ್ಲ. ಚರಂಡಿ ಇಲ್ಲ, ನೀರು ರಸ್ತೆಯಲ್ಲೇ ನಿಲ್ಲುತ್ತದೆ, ಇವತ್ತು ಹಾಕಿದ ರಸ್ತೆಯನ್ನು ನಾಳೆ ಪೈಪಿಗೆ, ಕೇಬಲ್ಲಿಗೆ ಅಗೆಯುತ್ತಾರೆ. ಹಾಗಾಗಿ ಕಾಂಕ್ರೀಟ್ ಹಾಕಿಬಿಡಿ ಎನ್ನುವುದು ಅವರ ಸಲಹೆ. ಬೆಂಗಳೂರಿನಲ್ಲಿ ಡಾಂಬರು ರಸ್ತೆಯ ಮೇಲೆ ಕಾಂಕ್ರೀಟ್ ಹಾಸುವ ವೈಟ್ ಟಾಪಿಂಗ್‌ಗೆ ಬೆಂಬಲ ಬಂದದ್ದೂ ಹೀಗೆ. ಚರಂಡಿಯ ಮಾತು ನಿಜ, ಎಷ್ಟು ಹೇಳಿದರೂ ಕಡಿಮೆ. ಆದರೆ ಕಾಂಕ್ರೀಟಿಗೂ ದಣಿವಿದೆ, ಅದೂ ಬಿರುಕು ಬಿಡುತ್ತದೆ, ಅದನ್ನು ಅಗೆದು ಸರಿಪಡಿಸುವುದು ಇನ್ನೂ ಕಷ್ಟ. ರಾಜ್ಯದ ಎಲ್ಲ ರಸ್ತೆಗೂ ಅದನ್ನು ಹಾಸುವಷ್ಟು ಹಣವೂ ಇಲ್ಲ.

ಒಂದು ನಿಮಿಷದ ದಾರಿ

ವಾರಗಟ್ಟಲೆ ಹಿಡಿಯುವ ಪರೀಕ್ಷೆ ದಿನನಿತ್ಯಕ್ಕೆ ಆಗದು ಎಂಬ ವಾದವನ್ನು ಒಪ್ಪೋಣ. ಆದರೆ ಇದಕ್ಕೆ ಉತ್ತರ ಈಗಾಗಲೇ ಇದೆ. ಅಮೆರಿಕದ ಟೆಕ್ಸಸ್‌ನಲ್ಲಿ ರೂಪುಗೊಂಡ ಐಡಿಯಲ್-ಸಿಟಿ ಎಂಬ ಪರೀಕ್ಷೆಯಲ್ಲಿ 150 ಮಿಲಿಮೀಟರ್ ಅಗಲ, 62 ಮಿಲಿಮೀಟರ್ ದಪ್ಪದ ಬಿಲ್ಲೆಯನ್ನು 25 ಡಿಗ್ರಿಯಲ್ಲಿ ಅಡ್ಡಡ್ಡ ಒತ್ತಿ ಸೀಳುತ್ತಾರೆ. ಬಿಲ್ಲೆಯನ್ನು ಕೊಯ್ಯುವ, ಅದರಲ್ಲಿ ಮೊದಲೇ ಸೀಳು ಕೊರೆಯುವ ಕೆಲಸವಿಲ್ಲ. ಒತ್ತುವ ಕೆಲಸ ಒಂದು ನಿಮಿಷದೊಳಗೆ ಮುಗಿಯುತ್ತದೆ. ಎಷ್ಟು ಬಲಕ್ಕೆ ಒಡೆಯಿತು ಎನ್ನುವುದಕ್ಕಿಂತ, ಒಡೆಯಲು ಶುರುವಾದ ಮೇಲೆ ಎಷ್ಟು ಹೊತ್ತು ತಾಳಿತು ಎಂದು ಇದು ಅಳೆಯುತ್ತದೆ. ಪಟ್ಟನೆ ಒಡೆದರೆ ಕಡಿಮೆ ಅಂಕ, ಎಳೆದು ಎಳೆದು ಸೀಳಿದರೆ ಜಾಸ್ತಿ ಅಂಕ.

ವರ್ಜೀನಿಯಾ ರಾಜ್ಯ ಈ ಅಂಕ ಕನಿಷ್ಠ 70 ಇರಬೇಕು ಎಂದು ಕೇಳುತ್ತದೆ. ಜೊತೆಗೆ ಚಕ್ರದ ಹಳ್ಳದ ಪರೀಕ್ಷೆಯೂ ಪಾಸಾಗಬೇಕು. ಇಲಿನಾಯ್ ಅರ್ಧವೃತ್ತದ ತುಂಡನ್ನು ಸೀಳುವ ತನ್ನದೇ ಪರೀಕ್ಷೆ ಬಳಸುತ್ತದೆ. ಮೆದುತನಕ್ಕೂ ಗಡಸುತನಕ್ಕೂ ಎರಡು ಬೇಲಿ ಹಾಕಿ, ನಡುವೆ ಬರುವ ಮಿಶ್ರಣವನ್ನು ಮಾತ್ರ ಒಪ್ಪುವುದು ಇದರ ತಿರುಳು. ಫ್ರಾನ್ಸ್ ಇನ್ನೂ ಮುಂದೆ ಹೋಗಿ, ಹತ್ತು ಲಕ್ಷ ಸಲ ತಡೆಯಬಲ್ಲ ಹಿಗ್ಗಿನ ಅಳತೆಯನ್ನೇ ವಿನ್ಯಾಸಕ್ಕೆ ಬಳಸುತ್ತದೆ. ಅಲ್ಲಿನ ಇಎಂಇ-2 ಎಂಬ ಮಿಶ್ರಣ ಬಹಳ ಗಡಸು, ಆದರೆ ಧಾರಾಳ ಡಾಂಬರು ಇರುವುದರಿಂದ 130 ಮೈಕ್ರೋಸ್ಟ್ರೇನ್ ತಡೆಯಲೇಬೇಕು ಎಂಬ ಷರತ್ತನ್ನು ಪಾಲಿಸುತ್ತದೆ. ಗಡಸುತನವೇ ಶತ್ರು ಅಲ್ಲ, ಡಾಂಬರು ಉಳಿಸಿ ತಂದುಕೊಂಡ ಗಡಸುತನ ಶತ್ರು.

ನಮ್ಮ ಲ್ಯಾಬ್‌ಗಳಲ್ಲಿರುವ ಮಾರ್ಷಲ್ ಯಂತ್ರ ನಿಮಿಷಕ್ಕೆ 50.8 ಮಿಲಿಮೀಟರ್ ವೇಗದಲ್ಲಿ ಒತ್ತುತ್ತದೆ. ಐಡಿಯಲ್-ಸಿಟಿಗೆ ಬೇಕಾದ ವೇಗ 50. ಯಂತ್ರದ ಶಕ್ತಿ ಸಾಕಾದರೆ, ಬೇರೆ ದವಡೆ, ದೊಡ್ಡ ಅಚ್ಚು, ಬಲವನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಸಾಧನ ಸೇರಿಸಿದರೆ ಶುರು ಮಾಡಬಹುದು. ಅಮೆರಿಕದ ಅಂಕವನ್ನು ಹಾಗೇ ತಂದು ಹಾಕುವುದು ಬೇಡ. ನಮ್ಮ ಜಲ್ಲಿ, ನಮ್ಮ ಡಾಂಬರು, ನಮ್ಮ ಬಿಸಿಲು ಬೇರೆ. ಮೊದಲ ಒಂದೆರಡು ವರ್ಷ ಸುಮ್ಮನೆ ಅಂಕಿ ದಾಖಲಿಸಿ, ಯಾವ ಅಂಕದ ರಸ್ತೆ ಎಷ್ಟು ದಿನ ಬಾಳಿತು ಎಂದು ನೋಡಿ, ಆಮೇಲೆ ಬೇಲಿ ಎಲ್ಲಿ ಹಾಕಬೇಕೆಂದು ತೀರ್ಮಾನಿಸಬೇಕು. ನಾಲ್ಕು ಬಿಂದುಗಳ ದೊಡ್ಡ ಪರೀಕ್ಷೆಯನ್ನು ನೂರಾರು ಕೋಟಿಯ ಹೆದ್ದಾರಿ ಕೆಲಸಗಳಿಗೆ ಕಡ್ಡಾಯ ಮಾಡಿದರೆ ಆ ಖರ್ಚು ಒಟ್ಟು ಮೊತ್ತದಲ್ಲಿ ಕಾಣುವುದೂ ಇಲ್ಲ.

ಹಳೆಯ ಡಾಂಬರು ಮತ್ತೆ ರಸ್ತೆಗೆ ಬಂದಾಗ

ಈ ವಿಷಯಕ್ಕೆ ಈಗಲೇ ಗಮನ ಬೇಕು ಎನ್ನಲು ಇನ್ನೊಂದು ಕಾರಣವಿದೆ. ಹಳೆಯ ರಸ್ತೆಯನ್ನು ಕೆರೆದು ತೆಗೆದ ಡಾಂಬರನ್ನು ಹೊಸ ಮಿಶ್ರಣಕ್ಕೆ ಸೇರಿಸುವ ಪದ್ಧತಿ ಬೆಳೆಯುತ್ತಿದೆ. ಜಲ್ಲಿ ಉಳಿಯುತ್ತದೆ, ಕ್ವಾರಿಗಳ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಆಮದು ಕಚ್ಚಾತೈಲದಿಂದ ಬರುವ ಡಾಂಬರೂ ಉಳಿಯುತ್ತದೆ. ಇದು ಬೇಕಾದ ಕೆಲಸವೇ. ಪ್ಲಾಸ್ಟಿಕ್ ಕಸದ ರಸ್ತೆಗಳೂ ಇದೇ ಸಾಲಿನವು. ಬೆಂಗಳೂರು ಇದರಲ್ಲಿ ದೇಶಕ್ಕೇ ಮುಂಚೂಣಿಯಲ್ಲಿತ್ತು. 2013ರಲ್ಲಿ ಐಆರ್‌ಸಿ ಇದಕ್ಕೆ ಕೈಪಿಡಿಯನ್ನೂ ತಂದಿತು.

ಆದರೆ ಹಳೆಯ ಡಾಂಬರು ವರ್ಷಗಟ್ಟಲೆ ಬಿಸಿಲು, ಗಾಳಿಗೆ ಒಣಗಿದ ಡಾಂಬರು. ಪ್ಲಾಸ್ಟಿಕ್ ಕೂಡ ಸಾಮಾನ್ಯವಾಗಿ ಮಿಶ್ರಣವನ್ನು ಗಡಸು ಮಾಡುತ್ತದೆ. ಎರಡನ್ನೂ ಸೇರಿಸಿದ ಬಿಲ್ಲೆಯನ್ನು 60 ಡಿಗ್ರಿಯಲ್ಲಿ ಒತ್ತಿದರೆ ಮಾರ್ಷಲ್ ಅಂಕ ಏರುತ್ತದೆ. ವರದಿ ನೋಡಿದವರಿಗೆ ಹೊಸ ಡಾಂಬರಿಗಿಂತ ಇದೇ ಚೆನ್ನಾಗಿದೆ ಅನಿಸುತ್ತದೆ. ಬಿರುಕಿನ ಪರೀಕ್ಷೆ ಇಲ್ಲದಿದ್ದರೆ ಎಷ್ಟು ಹಳೆಯದು ಸೇರಿಸಿದರೆ ಸರಿ, ಎಷ್ಟಾದರೆ ಅತಿ, ಯಾವ ಮೆದು ಡಾಂಬರು ಬೆರೆಸಿ ಸರಿದೂಗಿಸಬೇಕು ಎನ್ನುವುದು ಗೊತ್ತಾಗುವುದು ರಸ್ತೆ ಒಡೆದ ಮೇಲೆಯೇ. ಆಗ ತಪ್ಪು ಮರುಬಳಕೆಯ ತಲೆಗೆ ಬರುತ್ತದೆ, ಒಳ್ಳೆಯ ಪದ್ಧತಿಯನ್ನೇ ಇಲಾಖೆಗಳು ಕೈಬಿಡುತ್ತವೆ. ಹೊಸ ಮಿಶ್ರಣಕ್ಕೂ ಹಾಗೇ. ಬಿಲ್ಲೆಯನ್ನು ತಾಜಾ ಇರುವಾಗಲೇ ಪರೀಕ್ಷಿಸಿದರೆ ಎಲ್ಲವೂ ಮೆದುವಾಗಿಯೇ ಕಾಣುತ್ತದೆ. 85 ಡಿಗ್ರಿ ಒಲೆಯಲ್ಲಿ ಐದು ದಿನ ಇಟ್ಟು, ವರ್ಷಗಳ ಬಿಸಿಲನ್ನು ಲ್ಯಾಬ್‌ನಲ್ಲೇ ಉಣಿಸಿ, ಆಮೇಲೆ ಸೀಳಬೇಕು. ಮುಂದಿನ ಟೆಂಡರುಗಳಲ್ಲಿ ಹಳೆಯ ಡಾಂಬರಿನ ಪಾಲು ಎಷ್ಟು ಎಂದು ಬರೆಯುವ ಸಾಲಿನ ಪಕ್ಕದಲ್ಲೇ, ಹೀಗೆ ಒಣಗಿಸಿದ ಬಿಲ್ಲೆಯ ಬಿರುಕಿನ ಅಂಕವನ್ನೂ ಕೇಳಬೇಕು, ಆ ಅಂಕವನ್ನು ಜನರಿಗೂ ಕಾಣುವಂತೆ ಪ್ರಕಟಿಸಬೇಕು.